ರೇಡಿಯೇಟರಿನ ಹಳದಿ ಕೆಸರು

ಫೆಬ್ರುವರಿ ಮೂರನೇ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ಹರಪನಹಳ್ಳಿಯಿಂದ ಕೊಟ್ಟೂರಿಗೆ ಮರಳುವ ದಾರಿಯಲ್ಲಿ, ಅಕ್ಕನ ಮನೆಯ ಹಳೆಯ ಡೀಸೆಲ್ ಕಾರಿನ ಹೀಟ್ ಮೀಟರಿನ ಸೂಜಿ ಕೆಂಪು ಗೆರೆ ಮುಟ್ಟಿತು. ಕಾರು ಓಡಿಸುತ್ತಿದ್ದವನು ನಾನು. ಹಿಂದಿನ ಸೀಟಿನಲ್ಲಿ ಅಕ್ಕ ಇದ್ದಳು. ಅವಳ ಬಲತೋಳಿನ ಕೆಳಗೆ ದಿಂಬು ಒತ್ತಿ ಹಿಡಿದು ಅವಳ ಗಂಡ ಕೂತಿದ್ದರು. ಅವರನ್ನು ನಾನು ಮಾವ ಎಂದು ಕರೆಯುತ್ತೇನೆ.

ಮೆಕ್ಕೆಜೋಳ ಕೊಯ್ದು ಬೋಳಾಗಿದ್ದ ಹೊಲದ ಪಕ್ಕ ಕಾರು ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎನ್ನುವಷ್ಟು ನನಗೂ ಗೊತ್ತು. ಅರ್ಧ ಗಂಟೆ ಕಾಯಬೇಕು. ಕಾಯುವುದು ನನಗೆ ಬಾರದ ಕೆಲಸ. ಕಾರಿನ ಸುತ್ತ ಎಷ್ಟು ಸಲ ತಿರುಗಿದೆನೋ, ಒಳಗಿನಿಂದ ಅಕ್ಕ ಕೂಗಿದಳು.

"ಲೇ ತಮ್ಮಾ, ಕುಂದರಲೇ ಒಂದ್ ಕಡಿ. ನೀ ಪ್ರದಕ್ಷಿಣಿ ಹಾಕಿದ್ರ ಗಾಡಿ ತಣ್ಣಗಾಗತೈತೇನು?"

ಮುಚ್ಚಳ ಕೈಗೆ ತಾಳುವಷ್ಟು ಆರಿದ ಮೇಲೆ ಬಟ್ಟೆ ಸುತ್ತಿ ತಿರುಗಿಸಲು ಹೋದೆ. ಮಾವ ಇಳಿದು ಬಂದು ನನ್ನ ಕೈ ಹಿಡಿದರು.

"ಬ್ಯಾಡ ಬಿಡು. ನಿಧಾನಕ್ಕ ಹೋಗೋಣು. ಮೇಸ್ತ್ರಿ ನೋಡ್ಲಿ."

ಆಗ ಅದನ್ನು ಎಚ್ಚರಿಕೆ ಎಂದುಕೊಂಡೆ. ಆದರೂ ತೆಗೆದೆ. ಒಳಗೆ ನೀರಿನ ಬದಲು ಹಳದಿ ಮಿಶ್ರಿತ ಕಂದು ಬಣ್ಣದ ಗಂಜಿಯಂಥದ್ದು ಇತ್ತು. ಮುಚ್ಚಳದ ಒಳಮೈಗೂ ಅದೇ ಮೆತ್ತಿತ್ತು. ಕುಡಿಯಲು ತಂದಿದ್ದ ನೀರನ್ನೆಲ್ಲ ಅದಕ್ಕೆ ಸುರಿದು, ಎರಡು ಕಡೆ ನಿಲ್ಲಿಸಿ, ಒಂದೂವರೆಗೆ ಕೊಟ್ಟೂರು ತಲುಪಿದೆವು.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಅವಳು ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಳು. ಡಿಸೆಂಬರ್ ಮೊದಲ ವಾರ, ಒಂದು ಬೆಳಿಗ್ಗೆ, ಕತ್ತರಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಲಕ್ವ. ಮಾತು ಒಂದು ವಾರದಲ್ಲಿ ಮರಳಿತು. ಕಾಲು ಅರ್ಧ ಬಂತು. ಬಲಗೈ ಬರಲಿಲ್ಲ; ಬೆರಳು ಮಡಚಿಕೊಂಡೇ ಇದ್ದವು. ಹರಪನಹಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುವ ಡಾಕ್ಟರು ವಾರಕ್ಕೆ ಮೂರು ದಿನ ಕರೆತರಲು ಹೇಳಿದ್ದರು: ಮಂಗಳವಾರ, ಗುರುವಾರ, ಶನಿವಾರ. ಮೊದಲ ಮೂರು ತಿಂಗಳಲ್ಲಿ ಕೈ ಎಷ್ಟು ಬರುತ್ತದೋ ಅಷ್ಟು ಬೇಗ ಆಮೇಲೆ ಬರುವುದಿಲ್ಲ, ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಆ ಗುರುವಾರಕ್ಕೆ ಮೂರು ತಿಂಗಳು ತುಂಬಲು ಉಳಿದಿದ್ದದ್ದು ಎರಡು ವಾರ. ನಾನು ಲೆಕ್ಕ ಇಟ್ಟಿದ್ದೆ. ಅಕ್ಕನೂ ಇಟ್ಟಿದ್ದಳು, ಹೇಳುತ್ತಿರಲಿಲ್ಲ.

ಬಸ್ಸಿನ ಮೆಟ್ಟಿಲು ಅವಳಿಗೆ ಹತ್ತಲಾಗುತ್ತಿರಲಿಲ್ಲ. ಆಟೋದಲ್ಲಿ ಒಮ್ಮೆ ಕರೆದೊಯ್ದಿದ್ದೆವು. ಕುಲುಕಾಟಕ್ಕೆ ಭುಜ ಜೋತು ನೋವೆದ್ದು, ಇನ್ನೊಮ್ಮೆ ಹಾಗೆ ತರಬೇಡಿ ಎಂದು ಡಾಕ್ಟರು ಗದರಿದ್ದರು. ಮದುವೆಗಳ ಕಾಲ, ಬಾಡಿಗೆ ಕಾರುಗಳೆಲ್ಲ ಮೊದಲೇ ಬುಕ್ ಆಗಿದ್ದವು. ಉಳಿದದ್ದು ಮನೆಯ ಕಾರು. ಮಾವ ಶೇಂಗಾ ವ್ಯಾಪಾರದಲ್ಲಿದ್ದಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅದರ ವಯಸ್ಸು ಹತ್ತೊಂಬತ್ತು.

ನಾನಿರುವುದು ಕೂಡ್ಲಿಗಿಯಲ್ಲಿ; ಆ ದಿನಗಳಲ್ಲಿ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಒಂದು ದಿನಪತ್ರಿಕೆಗೆ ಸುತ್ತಲ ಐದು ತಾಲ್ಲೂಕಿನ ಸುದ್ದಿ ಕಳಿಸುವುದು ನನ್ನ ಕೆಲಸ. ಯಾರು, ಏನು, ಎಲ್ಲಿ, ಯಾವಾಗ ಎಂದು ಕೇಳುವುದು ಅಭ್ಯಾಸ. ಆ ವಾರ ಆ ಅಭ್ಯಾಸ ನನಗೆ ಉಪಯೋಗಕ್ಕೆ ಬರಲಿಲ್ಲ.

ಕೊಟ್ಟೂರಿನ ಗ್ಯಾರೇಜಿನ ಮೇಸ್ತ್ರಿ ಚುರುಕು ಮನುಷ್ಯ. ಮುಚ್ಚಳ ತೆಗೆದ, ಬೆರಳು ಅದ್ದಿದ, ಪ್ಯಾಂಟಿಗೆ ಒರೆಸಿಕೊಂಡ.

"ಹೆಡ್ ಗ್ಯಾಸ್ಕೆಟ್ ಹೋಗೈತ್ರಿ. ಇಂಜಿನ್ ಎಣ್ಣಿ ನೀರಾಗ ಕೂಡೇತಿ. ನೋಡ್ರಿ, ಚಾದ ಬಣ್ಣ."

"ಮತ್ತ ಏನು ಮಾಡಬೇಕು?"

"ಹೆಡ್ ಬಿಚ್ಚಬೇಕು. ದಾವಣಗೆರಿಗೆ ಕಳಿಸಿ ಲೆವೆಲ್ ಮಾಡಿಸಬೇಕು. ಹನ್ನೆರಡು ದಿನ ಹಿಡೀರಿ."

ಹನ್ನೆರಡು ದಿನ ಎಂದರೆ ಐದು ಸಲ ತಪ್ಪುತ್ತದೆ. ಡಾಕ್ಟರು ಹೇಳಿದ ಗಡುವಿನಲ್ಲಿ ಉಳಿದಿದ್ದುದೇ ಆರು. ಇಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಎನ್ನುತ್ತಾರೆ. ಅದರ ಅಡಿಯ ತೆಳು ಹಾಳೆ ಗ್ಯಾಸ್ಕೆಟ್. ಅದು ಸುಟ್ಟರೆ ಎಣ್ಣೆಯ ದಾರಿಯೂ ನೀರಿನ ದಾರಿಯೂ ಒಂದಾಗುತ್ತವೆ. ಇಷ್ಟನ್ನು ಅವನೇ ವಿವರಿಸಿದ.

ನಾನು ಮಾವನನ್ನು ಕೇಳಿದೆ. "ಮಾವ, ರೇಡಿಯೇಟರಿಗೆ ಎಣ್ಣಿ ಗಿಣ್ಣಿ ಏನರ ಬಿತ್ತೇನು? ಇಂಜಿನ್ ಆಯಿಲ್ ಹಾಕೋ ಮುಂದ ತಪ್ಪಿ?"

"ಎಣ್ಣಿ? ಇಲ್ಲಪ್ಪ. ಎಣ್ಣಿ ಹಾಕಿಲ್ಲ," ಎಂದರು.

ಅದು ನಿಜವಾಗಿತ್ತು. ಹಾಳೆಯ ಮೇಲೆ ಬರೆದುಕೊಂಡೆ: ಎಣ್ಣೆ ಹಾಕಿಲ್ಲ.

ಶನಿವಾರದ ಸರದಿ ತಪ್ಪಿತು. ಕೂಡ್ಲಿಗಿಯಲ್ಲಿ, ಹಡಗಲಿಯಲ್ಲಿ, ಗುರುತಿದ್ದವರಿಗೆಲ್ಲ ಫೋನ್ ಮಾಡಿದ್ದೆ. ಒಂದು ಕಾರೂ ಬಿಡುವಿರಲಿಲ್ಲ. ಅಕ್ಕ ಬೆಳಿಗ್ಗೆ ಎಂಟಕ್ಕೇ ಸೀರೆ ಉಡಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಹತ್ತು ಗಂಟೆಗೆ ಒಳಗೆ ಹೋಗಿ, ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದೇ ಬಿಡಿಸತೊಡಗಿದಳು. ಬಿಡಿಸಿದ್ದು ಮತ್ತೆ ಮಡಚಿಕೊಳ್ಳುತ್ತಿತ್ತು. ಮಾವ ದೇವರ ಗೂಡಿನಿಂದ ಬಟ್ಟೆಯ ಗಂಟು ತಂದು ಅದರಿಂದ ಹಳದಿ ಪುಡಿ ತೆಗೆದು ಆ ಬೆರಳುಗಳಿಗೆ ಹಚ್ಚಿದರು. ಅದು ಮೈಲಾರದ ಭಂಡಾರ, ಮೈಲಾರಲಿಂಗನ ಗುಡಿಯ ಅರಿಶಿಣ. ಜಾತ್ರೆಯ ಜನ ಕರಗಿದ ಮೇಲೆ, ಹಿಂದಿನ ಭಾನುವಾರ, ಅವರೊಬ್ಬರೇ ಕಾರಿನಲ್ಲಿ ಹೋಗಿ ಹರಕೆ ಹೊತ್ತು ತಂದಿದ್ದರು. ಒಂಬತ್ತು ದಿನ ಹಚ್ಚಬೇಕು ಎಂದಿದ್ದರು. ಅಂದಿಗೆ ಆರನೇ ದಿನ.

ಮೇಸ್ತ್ರಿ ಸೋಮವಾರ ಬೆಳಿಗ್ಗೆ ಹೆಡ್ ಬಿಚ್ಚುವುದೆಂದು ಮಾತಾಯಿತು. ನನಗೆ ಒಂದು ಕಡೆ ಕೂಡಲಾಗಲಿಲ್ಲ. ಒಬ್ಬರ ಮಾತನ್ನೇ ನಂಬಿ ಸುದ್ದಿ ಕಳಿಸಿದರೆ ಪತ್ರಿಕೆಯ ಡೆಸ್ಕಿನವರು ಇನ್ನೊಬ್ಬರನ್ನು ಕೇಳಿದಿರಾ ಎನ್ನುತ್ತಾರೆ. ನಾನು ಇನ್ನೊಬ್ಬರನ್ನು ಕೇಳಿರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ, ರೈಲ್ವೆ ಸ್ಟೇಷನ್ ದಾರಿಯಲ್ಲಿ, ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಕೆಲಸದಿಂದ ನಿವೃತ್ತರು; ಈಗ ಮನೆಯ ಮುಂದೆಯೇ ನಾಲ್ಕಾರು ಗಾಡಿ ನೋಡುತ್ತಾರೆ. ಶನಿವಾರ ಸಂಜೆ ಫೋನ್ ಮಾಡಿದೆ. ಅವರು ಒಂದರ ಹಿಂದೆ ಒಂದು ಪ್ರಶ್ನೆ ಹಾಕಿದರು.

"ಇಂಜಿನ್ ಎಣ್ಣಿ ಕಡ್ಡಿ ತಗದು ನೋಡೀರೇನು?"

ನೋಡಿರಲಿಲ್ಲ. ಫೋನ್ ಹಿಡಿದೇ ಗ್ಯಾರೇಜಿಗೆ ನಡೆದು ಕಡ್ಡಿ ಎಳೆದೆ. ಎಣ್ಣೆ ಕಪ್ಪಗಿತ್ತು.

"ಕರೀದು ಇರಲಿ. ಬೆಳ್ಳಗ, ಮಜ್ಜಿಗಿ ಬೆರೆಸಿದಂಗ ಐತೇನು?"

"ಇಲ್ರಿ."

"ಎಣ್ಣಿ ಹಾಕೋ ಮುಚ್ಚಳ ತಗೀರಿ. ಅದರ ಅಡೀಗೆ ಕೆನಿ ಕಟ್ಟೈತೇನು?"

"ಇಲ್ರಿ."

"ಹಿಂದಿನ ಹೊಗಿ ಬೆಳ್ಳಗ ಬರತಿತ್ತೇನು?"

"ನಾನು ನೋಡಿಲ್ಲ."

"ಪೇಪರಿನೋರು ಹಿಂದ ನೋಡೂದೇ ಇಲ್ಲ ಬಿಡ್ರಿ," ಎಂದು ನಕ್ಕರು. "ಗಾಡಿ ತರಬ್ಯಾಡ್ರಿ. ನೀರು ತರ್ರಿ. ಎರಡು ಬಾಟ್ಲಿ. ಒಂದು ರೇಡಿಯೇಟರಿನ ಮ್ಯಾಲಿಂದು, ಒಂದು ಕೆಳಗಿಂದು. ಚೀಟಿ ಹಚ್ಚಿರಿ. ಮೇಸ್ತ್ರಿಗೆ ಹೇಳ್ರಿ, ನಾ ಹೇಳೋತನಕ ಪಾನಾ ಹಿಡದು ಏನೂ ಬಿಚ್ಚಬ್ಯಾಡ ಅಂತ."

ಭಾನುವಾರ ಬೆಳಿಗ್ಗೆ ಎರಡು ಬಾಟಲಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮಾವ ಬಾಟಲಿಗಳನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಬಸ್ಸು ತಪ್ಪುತ್ತದೆಂದು ನಾನು ನಿಲ್ಲಲಿಲ್ಲ. ಪಕ್ಕದಲ್ಲಿ ಕೂತ ಮುದುಕಿ ಚೀಲದೊಳಗೆ ಇಣುಕಿದಳು.

"ಏನ್ ಕಷಾಯೇನಪ್ಪ ಅದು?"

"ಅಲ್ಲಬೇ, ಕಾರಿನ ನೀರು."

"ಅಯ್ಯ, ಕಾರೂ ಡಾಕ್ಟರ್ ಹತ್ರ ಹೊಕ್ಕೈತೇನು? ಊರಾಗ ನಮಗ ನೋಡೋರಿಲ್ಲ."

ಮೆಕ್ಯಾನಿಕ್ ಬಾಟಲಿಗಳನ್ನು ತೆಗೆದುಕೊಂಡು, ಚೆನ್ನಾಗಿ ಅಲ್ಲಾಡಿಸಿ, ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟರು. ಆಮೇಲೆ ಒಂದು ಗಂಟೆ ಅವುಗಳ ಕಡೆ ನೋಡಲೇ ಇಲ್ಲ. ಚಹಾ ತರಿಸಿದರು. ಒಬ್ಬರ ಬೈಕಿನ ಚೈನು ಬಿಗಿ ಮಾಡಿದರು. ನಾನು ಐದು ನಿಮಿಷಕ್ಕೊಮ್ಮೆ ಎದ್ದು ನೋಡುತ್ತಿದ್ದೆ.

"ಕುಂದರ್ರಿ. ನೀವು ನೋಡಿದ್ರ ಅದಕ್ಕ ನಾಚಿಕಿ ಬರತೈತಿ."

ಒಂದು ಗಂಟೆಯ ಮೇಲೆ ಕರೆದು ತೋರಿಸಿದರು. ಎರಡೂ ಬಾಟಲಿಗಳಲ್ಲಿ ಮೇಲಿನ ನೀರು ತಿಳಿಯಾಗಿತ್ತು. ತಳದಲ್ಲಿ ಬೆರಳಗಲ ಹಳದಿ ಕಂದು ಕೆಸರು ಕೂತಿತ್ತು. ಕೆಳಗಿನಿಂದ ಹಿಡಿದ ಬಾಟಲಿಯಲ್ಲಿ ಅದು ಎರಡು ಪಟ್ಟು.

"ಎಣ್ಣಿ ಇದ್ರ ಮ್ಯಾಲ ತೇಲತೈತಿ. ಇದು ಕೆಳಗ ಕುಂತೈತಿ."

ನನ್ನ ಚೀಲದಲ್ಲಿದ್ದ ಅಂದಿನ ಪತ್ರಿಕೆಯನ್ನು ಕೇಳಿ ಪಡೆದರು. ಅದರ ಅಂಚಿಗೆ ಇಂಜಿನ್ ಎಣ್ಣೆಯ ಒಂದು ಹನಿ, ಪಕ್ಕದಲ್ಲಿ ಕೆಸರಿನ ಒಂದು ಹನಿ ಬಿಟ್ಟು ಒಣಗಿಸಿದರು. ಬಿಸಿಲಿಗೆ ಹಿಡಿದಾಗ ಎಣ್ಣೆ ಬಿದ್ದ ಕಡೆ ಕಾಗದ ಪಾರದರ್ಶಕವಾಗಿ ಬೆಳಕು ಬಿಡುತ್ತಿತ್ತು. ಕೆಸರು ಬಿದ್ದ ಕಡೆ ಕಾಗದ ಕಾಗದವಾಗಿಯೇ ಇತ್ತು. ಮೇಲೆ ಹಳದಿ ಪುಡಿ ಉಳಿದಿತ್ತು. ಅದನ್ನು ಬೆರಳಲ್ಲಿ ಉಜ್ಜಿದರು. ಜಾರಲಿಲ್ಲ, ತರಿತರಿಯಾಗಿತ್ತು.

"ಹೆಡ್ ಬಿಚ್ಚೂದು ಬ್ಯಾಡ. ಇದು ಇಂಜಿನ್ ಕಾರಿದ್ದಲ್ಲ. ಮನುಷ್ಯಾರು ಹಾಕಿದ್ದು."

"ಏನು ಹಾಕ್ಯಾರ?"

"ನನಗೇನು ಗೊತ್ತು? ರೇಡಿಯೇಟರ್ ಸೋರಿದ್ರ ತತ್ತಿ ಒಡದು ಹಾಕಿದೋರನ್ನ ನೋಡೀನಿ. ರಾಗಿ ಹಿಟ್ಟು ಹಾಕಿದೋರನ್ನ ನೋಡೀನಿ. ಒಬ್ಬಾತ ಅಂಟು ಹಾಕಿದ್ದ. ಅವನ ರೇಡಿಯೇಟರ್ ತಿಪ್ಪಿಗೆ ಹೋತು. ಏನು ಹಾಕ್ಯಾರ, ಯಾಕ ಹಾಕ್ಯಾರ, ಎರಡೂ ತಿಳಕೊಂಡು ಬರ್ರಿ. ಪುಡಿ ಆದ್ರ ನೀರು ಬಿಟ್ಟು ತೊಳೀಬಹುದು. ಅಂಟು ಆದ್ರ ಬ್ಯಾರೆ ದಾರಿ. ಗೊತ್ತಾಗದ ಕೈ ಹಚ್ಚಿದ್ರ ನಿಮ್ಮಕ್ಕ ಇನ್ನೂ ಒಂದು ವಾರ ಮನ್ಯಾಗ ಕುಂದರಬೇಕಾಗತೈತಿ. ಹೋಗ್ರಿ, ಊರ ಮಂದೀನೆಲ್ಲ ಕೇಳ್ತೀರಿ, ನಿಮ್ಮ ಮನ್ಯಾಗ ಕೇಳಾಕ ಏನಾಗೇತಿ?"

ಮಧ್ಯಾಹ್ನ ಮೂರಕ್ಕೆ ಕೊಟ್ಟೂರಿಗೆ ಮರಳಿದೆ. ಪಡಸಾಲೆಯಲ್ಲಿ ಅಕ್ಕ ಎಲೆ ಅಡಿಕೆ ಸಂಚಿ ಬಿಚ್ಚಿಕೊಂಡು ಕೂತಿದ್ದಳು. ಮಾವ ಕಿಟಕಿಯ ಹತ್ತಿರ ಇದ್ದರು. ನಾನು ನಡೆದದ್ದು ಹೇಳಿದೆ: ಎಣ್ಣೆ ಅಲ್ಲ, ಯಾರೋ ಏನೋ ಹಾಕಿದ್ದಾರೆ, ಗ್ಯಾರೇಜಿನ ಹುಡುಗರಿರಬಹುದು, ಹಿಂದೆ ಡ್ರೈವರ್ ಆಗಿ ಬಂದವನಿರಬಹುದು. ಮಾವ ಕಿಟಕಿಯ ಕಡೆ ತಿರುಗಿ ಸರಳು ಹಿಡಿದರು.

"ಕೊಡು ಇಲ್ಲಿ," ಎಂದು ಅಕ್ಕ ಬಾಟಲಿ ಇಸಿದುಕೊಂಡಳು. ಎಡಗೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದಳು. ಬಾಟಲಿಯ ಕಂಠದಲ್ಲಿ ಕೆಸರು ಒಣಗಿ ಗೆರೆ ಕಟ್ಟಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಬಟ್ಟೆಯ ಬಣ್ಣ ನೋಡಿ ನೋಡಿ ಪಳಗಿದ ಕಣ್ಣು ಅದು. ದಾರ ಹೊಂದಿಸಲು ಅವಳು ಎಂದೂ ಎರಡನೇ ಸಲ ನೋಡಿದವಳಲ್ಲ.

"ಮುಚ್ಚಳ ತಗಿ. ಒಂಚೂರು ಇದರಾಗ ಹಾಕು," ಎಂದು ಚಹಾದ ಬಸಿ ಮುಂದಿಟ್ಟಳು.

ಹಾಕಿದೆ. ಅವಳು ಸುಣ್ಣದ ಡಬ್ಬಿಗೆ ತೋರುಬೆರಳು ಅದ್ದಿ, ಅದೇ ಬೆರಳಿನಿಂದ ಬಸಿಯ ಕೆಸರನ್ನು ಕಲೆಸಿದಳು. ಎರಡು ಸುತ್ತಿಗೆ ಹಳದಿ ಕಳೆಯಿತು. ಮೂರನೇ ಸುತ್ತಿಗೆ ಬಸಿಯಲ್ಲಿದ್ದದ್ದು ಕೆಂಪಗಾಯಿತು.

ಅರಿಶಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಮದುಮಕ್ಕಳಿಗೆ ಎತ್ತುವ ಆರತಿಯ ನೀರು ಹಾಗೆಯೇ ಆಗುವುದು. ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಕ್ಕ ಬಸಿಯನ್ನು ನೆಲದ ಮೇಲೆ ಇಟ್ಟು ಗಂಡನ ಕಡೆ ತಿರುಗಿದಳು.

"ಏನ್ರಿ."

ಮಾವ ಕಿಟಕಿಯ ಸರಳು ಹಿಡಿದು ನಿಂತೇ ಇದ್ದರು.

"ಏನ್ರಿ, ನಿಮಗ ಹೇಳಾಕ್ಹತ್ತೀನಿ. ಗಾಡಿಗೆ ಆರತಿ ಯಾರು ಎತ್ತಿದ್ರು?"

"ಮೈಲಾರದಿಂದ ಬರೋ ಮುಂದ, ಹಡಗಲಿ ದಾಟಿದ ಮ್ಯಾಲೆ ಸೋರಾಕ ಹತ್ತಿತ್ತು," ಎಂದರು ಮಾವ. ದನಿ ಕೇಳಿಸುವಷ್ಟೇ ಇತ್ತು. "ಟ್ರ್ಯಾಕ್ಟರಿನವ ಒಬ್ಬ ನಿಂತ. ಅರಿಶಿಣ ಹಾಕ್ರಿ, ನಿಂದರತೈತಿ ಅಂದ. ಅಲ್ಲಿ ಅರಿಶಿಣ ಎಲ್ಲಿಂದ ತರ್ಲಿ? ಗಂಟಿನಾಗ ಭಂಡಾರ ಇತ್ತು."

"ಎಷ್ಟು ಹಾಕಿದ್ರಿ?"

"ಮೂರು ಮುಟಗಿ."

"ಸೋರೂದು ನಿಂತಿತೇನು?"

"ನಿಂತಿತು."

"ಮತ್ತ ಹೇಳಾಕ ಏನಾಗಿತ್ತು? ಇಂಜಿನ್ ಬಿಚ್ಚಾಕ ಒಪ್ಪಿದ್ರೆಲ್ಲ. ತಮ್ಮ ಬಾಟ್ಲಿ ಹೊತಗೊಂಡು ಊರೂರು ತಿರಿಗ್ಯಾನ. ಅವ ಕೇಳಿದಾಗರ ಹೇಳಬೇಕಿತ್ತು."

"ಅವ ಎಣ್ಣಿ ಹಾಕಿದ್ರೇನು ಅಂತ ಕೇಳಿದ. ನಾ ಎಣ್ಣಿ ಹಾಕಿಲ್ಲ."

ಅಕ್ಕ ನನ್ನನ್ನು ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಬೆರಳ ಸಂದುಗಳಲ್ಲಿ ಹಳದಿ ಉಳಿದಿತ್ತು.

"ಮೂರು ಮುಟಗಿ ಗಾಡಿಗೆ ಹೋದ್ರ, ಗಂಟು ತುಂಬಿತ್ತಲ್ಲ? ವಾರದಿಂದ ನನ್ನ ಕೈಗೆ ಹಚ್ಚಾಕ್ಹತ್ತಿದ್ದು ಏನು?"

ಇದೇ ಪ್ರಶ್ನೆಗೆ ಅವರು ಏಳು ದಿನ ಹೆದರಿದ್ದರು. ತಲೆ ತಗ್ಗಿಸಿದರು.

"ಚಿಟಿಕಿ ಭಂಡಾರ ಉಳದಿತ್ತು. ಮಿಕ್ಕಿದ್ದೆಲ್ಲ... ಅಡಿಗಿಮನಿ ಡಬ್ಬೀದು. ಹರಕಿ ಹೊತ್ತು ಹೋದಾವ ಬರಿಗೈಲೆ ಬಂದೆ ಅಂತ ನಿನಗ ಹೆಂಗ ಹೇಳ್ಲಿ?"

ನಾನು ಎದ್ದು ಹೊರಗೆ ಹೋಗುವುದೇ ಇರುವುದೇ ಎಂದು ತಿಳಿಯದೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ಅಕ್ಕನ ಹೊಟ್ಟೆ ಅಲುಗಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ಬಾಯಿಯ ಬಲತುದಿ ಇನ್ನೂ ಪೂರ್ತಿ ಏಳುತ್ತಿರಲಿಲ್ಲ.

"ಗಾಡಿ ಹೊಟ್ಟಿಗೆ ದ್ಯಾವರದು, ನನ್ನ ಕೈಗೆ ಕಿರಾಣಿ ಅಂಗಡೀದು. ಹೆಣ್ತಿಗಿಂತ ಗಾಡೀನೇ ಹೆಚ್ಚಾತು ನೋಡ್ ತಮ್ಮಾ."

ಮಾವ ನಗಲಿಲ್ಲ. ಅವಳು ನಗು ನಿಲ್ಲಿಸಿ ಹೇಳಿದಳು. "ಗಾಡಿ ನಡದ್ರ ನನ್ನ ಕೈ ನಡೀತೈತಿ. ನಾಳಿಗೆ ತೊಳಸ್ರಿ. ಮಂಗಳವಾರ ನಾ ಮನ್ಯಾಗ ಕುಂದರಾಕಿ ಅಲ್ಲ."

ನಾನು ಹಗರಿಬೊಮ್ಮನಹಳ್ಳಿಗೆ ಫೋನ್ ಮಾಡಿ ಎರಡು ಉತ್ತರವನ್ನೂ ಕೊಟ್ಟೆ: ಅರಿಶಿಣ, ಸೋರಿಕೆ ನಿಲ್ಲಿಸಲು. ಮೆಕ್ಯಾನಿಕ್ ಏನು ಮಾಡಬೇಕೆಂದು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಪುಡಿ ಸೋರುವ ಕಡೆ ಮಾತ್ರ ಕೂರುವುದಿಲ್ಲ, ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕೂರುತ್ತದೆ, ನೀರು ಓಡದಿದ್ದರೆ ಸೂಜಿ ಏರದೆ ಏನು ಮಾಡುತ್ತದೆ ಎಂದರು. ಕೊಳವೆಬಾವಿಯ ಉಪ್ಪು ನೀರು ಹಾಕುತ್ತ ಬಂದಿದ್ದೀರಲ್ಲವೇ ಎಂದು ಅವರೇ ಕೇಳಿದರು. ಹೌದು ಎಂದೆ. ಅದನ್ನು ಬಿಡಿ, ಕೂಲೆಂಟ್ ಹಾಕಿ ಎಂದರು.

ಸೋಮವಾರ ಬೆಳಿಗ್ಗೆ ಏಳಕ್ಕೇ ಗ್ಯಾರೇಜಿನ ಮುಂದೆ ನಿಂತಿದ್ದೆ. ಬಾಗಿಲು ತೆರೆದದ್ದು ಒಂಬತ್ತಕ್ಕೆ. ಮೇಸ್ತ್ರಿ ಚೀಟಿ ಓದಿ, ಮಾವನ ಮುಖ ನೋಡಿದ.

"ಅಲ್ರೀ ಯಜಮಾನ್ರೇ, ಭಂಡಾರ ಹಾಕೀನಿ ಅಂತ ಮೊದ್ಲ ಹೇಳಿದ್ರ ನಾ ಯಾಕ ಗ್ಯಾಸ್ಕೆಟ್ ಅಂತಿದ್ದೆ?"

"ನೀ ಬೆರಳ ಅದ್ದಿ ಪ್ಯಾಂಟಿಗೆ ಒರಿಸಿಕೊಂಡೆಲ್ಲ," ಎಂದರು ಮಾವ. "ಹಣಿಗೆ ಹಚ್ಚಿಕೊಂಡಿದ್ರ ಗೊತ್ತಾಗ್ತಿತ್ತು."

ವಾರದಲ್ಲಿ ಅವರಾಡಿದ ಮೊದಲ ತಮಾಷೆ ಅದು.

ರೇಡಿಯೇಟರ್ ಬಿಚ್ಚಿದಾಗ ಕೆಳಗಿನ ತೊಟ್ಟಿಯ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಕಂಡಿತು. ಅದರೊಳಗೆ ಹಳದಿ ಗಟ್ಟಿಯಾಗಿ ಕೂತಿತ್ತು. ಮೇಸ್ತ್ರಿ ಅದನ್ನು ಕೆರೆದು ಬೆಸುಗೆ ಹಾಕಿಸಿದ. ರೇಡಿಯೇಟರಿಗೂ ಇಂಜಿನ್ನಿಗೂ ಬೇರೆ ಬೇರೆಯಾಗಿ, ಹರಿಯುವ ದಿಕ್ಕಿಗೆ ಎದುರಾಗಿ ನೀರು ಬಿಟ್ಟ. ಮೊದಲ ಬಕೆಟ್ ಕಂದು ಬಂತು, ಎರಡನೆಯದು ಹಳದಿ, ಮೂರನೆಯದು ಮಬ್ಬು. ಮೇಸ್ತ್ರಿಯ ಹುಡುಗ ಮೊದಲ ಬಕೆಟನ್ನು ಚರಂಡಿಗೆ ಎತ್ತಲು ಹೋದಾಗ ಮಾವ ತಡೆದರು. ಮೂರೂ ಬಕೆಟನ್ನು ಒಂದೊಂದಾಗಿ ಅವರೇ ಹೊತ್ತು ಗ್ಯಾರೇಜಿನ ಹಿಂದಿನ ಬೇವಿನ ಬುಡಕ್ಕೆ, ಯಾರೂ ತುಳಿಯದ ಕಡೆ, ಸುರಿದು ಬಂದರು. ಚಪ್ಪಲಿ ಬಿಟ್ಟು ಹೋಗಿದ್ದರು. ಆರನೇ ಬಕೆಟಿಗೆ ನೀರು ತಿಳಿಯಾಯಿತು. ಸಂಜೆ ಐದೂವರೆಗೆ ಕಾರನ್ನು ಮುಕ್ಕಾಲು ಗಂಟೆ ನಿಂತಲ್ಲೇ ಓಡಿಸಿದೆವು. ಗ್ಯಾಸ್ಕೆಟ್ ಹೋಗಿದ್ದರೆ ಏಳಬೇಕಿದ್ದ ಗುಳ್ಳೆ ರೇಡಿಯೇಟರಿನಲ್ಲಿ ಬರಲಿಲ್ಲ. ಸೂಜಿ ಅರ್ಧಕ್ಕೆ ಬಂದು ನಿಂತಿತು.

ಮಂಗಳವಾರ ಮಾವ ಓಡಿಸಿದರು. ನಾನು ಪಕ್ಕದಲ್ಲಿ ಕೂತು ಸೂಜಿಯನ್ನೇ ನೋಡುತ್ತಿದ್ದೆ. ಏರಿನಲ್ಲಿ ಅದು ಅರ್ಧ ದಾಟಿದಂತೆ ಕಂಡಾಗಲೆಲ್ಲ ನನ್ನ ಕಾಲು ತಾನೇ ಬ್ರೇಕ್ ಹುಡುಕುತ್ತಿತ್ತು. ಇಳಿಜಾರಿನಲ್ಲಿ ಅದು ಮತ್ತೆ ಇಳಿಯುತ್ತಿತ್ತು. ಎರಡು ಸಲ ಇಳಿದು ಕಾರಿನ ಅಡಿಗೆ ಬಗ್ಗಿ ನೆಲ ಮುಟ್ಟಿದೆ. ಒಣಗಿತ್ತು.

"ಇವನ್ನ ಮನ್ಯಾಗ ಬಿಟ್ಟು ಬರಬೇಕಿತ್ತು," ಎಂದಳು ಅಕ್ಕ ಹಿಂದಿನಿಂದ. "ಗಾಡಿಗಿಂತ ಇವನೇ ಹೆಚ್ಚು ಕಾಯಾಕ್ಹತ್ಯಾನ."

ಹತ್ತು ಗಂಟೆಗೆ ಮುಂಚೆಯೇ ಹರಪನಹಳ್ಳಿ ತಲುಪಿದೆವು. ಶನಿವಾರ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದರು. ಗಾಡಿಗೆ ಹುಷಾರಿರಲಿಲ್ಲ ಎಂದಳು ಅಕ್ಕ. ಆಮೇಲಿನ ಗುರುವಾರ, ಶನಿವಾರ, ಅದರ ಮುಂದಿನ ವಾರದ ಸರದಿಗಳು ಯಾವುದೂ ತಪ್ಪಲಿಲ್ಲ. ಆ ನಡುವೆ ಒಂದು ಭಾನುವಾರ ಮಾವ ಮತ್ತೆ ಮೈಲಾರಕ್ಕೆ ಹೋಗಿ ಬಂದರು, ಬಸ್ಸಿನಲ್ಲಿ. ಭಂಡಾರದ ಗಂಟನ್ನು ಅಕ್ಕನ ಎಡಗೈಗೇ ಕೊಟ್ಟರು. ಅವಳು ಅದನ್ನು ಬಿಚ್ಚಿ, ಚಿಟಿಕೆ ತೆಗೆದು, ಪರೀಕ್ಷೆ ಮಾಡುವವಳ ಹಾಗೆ ಸುಣ್ಣದ ಡಬ್ಬಿಯ ಕಡೆ ಕೈ ಒಯ್ದಳು. ಮಾವನ ಮುಖ ನೋಡಿ ಕೈ ಹಿಂದೆ ತಂದಳು.

ಮಾರ್ಚ್ ಮೊದಲ ವಾರ ಮೂರು ತಿಂಗಳು ತುಂಬಿತು. ವಾರಕ್ಕೆ ಮೂರು ದಿನ ಈಗಲೂ ಮುಂದುವರಿದಿದೆ. ಮೊನ್ನೆ ಶನಿವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅಕ್ಕ ಬಟ್ಟೆ ಒಣಹಾಕುವ ಒಂದು ಕ್ಲಿಪ್ಪನ್ನು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ತೆರೆದಳು. ಎರಡನೇ ಸಲ ತೆರೆಯಲಾಗಲಿಲ್ಲ.